ಫೋಮ್ ಡ್ರೆಸ್ಸಿಂಗ್ 30 ಬಿಲ್ ಮಾಡಿದೆ, ಸಿಒ 151 ಅನ್ನುವ ತಿರಸ್ಕಾರ ಕೋಡ್ ಬಂತು. ಎಲ್ಲಿ ತಪ್ಪಿದೆ?

ರಾತ್ರಿಪಾಳಿ_ಹಾಸನ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು. ಮೊದಲು ಲ್ಯಾಬ್ ಕ್ಲೇಮ್, ಅಂದರೆ ಇನ್ಶೂರೆನ್ಸ್‌ಗೆ ಕಳಿಸುವ ಬಿಲ್ ನೋಡುತ್ತಿದ್ದೆ. ಎರಡು ತಿಂಗಳಿಂದ ಅಮೆರಿಕದ ಒಬ್ಬ ಸಪ್ಲೈಯರ್ ರೋಗಿಗಳ ಮನೆಗೆ ಕಳಿಸುವ ಗಾಯದ ಡ್ರೆಸ್ಸಿಂಗ್‌ಗಳ ಕ್ಲೇಮ್ ನನ್ನ ಪಾಲಿಗೆ ಬಂದಿದೆ. ಟ್ರೇನಿಂಗ್ ಅಂತ ಸಿಕ್ಕಿದ್ದು ಒಂದು ಎಕ್ಸೆಲ್ ಶೀಟ್ ಅಷ್ಟೇ.

ಒಂದು ಕ್ಲೇಮ್ ತಲೆಯಿಂದ ಹೋಗುತ್ತಿಲ್ಲ. ರೋಗಿಗೆ ಮೆಡಿಕೇರ್ ಪಾರ್ಟ್ ಬಿ (ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಇದೆ, ಮನೆಯಲ್ಲೇ ಇದ್ದಾರೆ. ಬೆನ್ನಿನ ಬುಡದಲ್ಲಿ, ಸೇಕ್ರಮ್ ಮೇಲೆ ಸ್ಟೇಜ್ 3 ಹಾಸಿಗೆ ಹುಣ್ಣು, ಕಾಯಿಲೆಯ ಕೋಡ್ ಎಲ್89.153. ಎರಡೂ ಹಿಮ್ಮಡಿಯಲ್ಲೂ ಹಾಸಿಗೆ ಹುಣ್ಣು ಅಂತ ಬರೆದಿದ್ದಾರೆ, ಅಲ್ಲಿಗೆ ಬರೀ ಗಾಜ್ ಬಟ್ಟೆ. ಸೇಕ್ರಮ್‌ಗೆ ಅಂಟು ಬಾರ್ಡರ್ ಇರುವ ಫೋಮ್. ಡಬ್ಬದ ಮೇಲೆ 5×5 ಇಂಚು ಅಂತಿದೆ. 25 ಚದರ ಇಂಚು ಆಯಿತಲ್ಲ ಅಂತ ಆ ಅಳತೆಯ ಕೋಡ್ ಎ6213 ಹಾಕಿದೆ. ದಿನಕ್ಕೊಂದು ಸಲ ಬದಲಿಸಿ ಅಂತ ಡಾಕ್ಟರ್ ಆರ್ಡರ್ ಇದೆ, ಹಾಗಾಗಿ 30 ಯೂನಿಟ್. ಕೋಡ್ ಜೊತೆ ಹೋಗುವ ಮಾಡಿಫೈಯರ್ ಎ1. ಇಷ್ಟೊಂದು ಬೇಕು ಅನ್ನುವುದಕ್ಕೆ ಆಧಾರವಿಲ್ಲ ಅಂತ ಸಿಒ 151 ಬಂತು.

ನಮ್ಮ ಟೀಮ್ ಲೀಡ್ ಹೇಳಿದ್ದು: "ಮೂರು ಗಾಯ ಇದೆಯಲ್ಲಮ್ಮ, ಎ1 ತೆಗೆದು ಎ3 ಹಾಕಿ ಕಳಿಸು, ಪಾಸಾಗುತ್ತೆ." ಅವರು ಕೆಟ್ಟ ಉದ್ದೇಶದಿಂದ ಹೇಳಲಿಲ್ಲ, ಅವರಿಗೂ ಈ ಪ್ರಾಜೆಕ್ಟ್ ಹೊಸದು. ಆದರೆ ನನಗೆ ಯಾಕೋ ಸರಿ ಅನಿಸುತ್ತಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಹಳೇ_ಕೋಡರ್:
ಎ3 ಹಾಕಬೇಡಿ ತಂಗಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಎ1ರಿಂದ ಎ9ರವರೆಗಿನ ಮಾಡಿಫೈಯರ್ ರೋಗಿಯ ಮೈಮೇಲೆ ಒಟ್ಟು ಎಷ್ಟು ಗಾಯ ಇದೆ ಅಂತ ಹೇಳುವುದಲ್ಲ. ಆ ಲೈನಿನಲ್ಲಿರುವ ಡ್ರೆಸ್ಸಿಂಗ್ ಎಷ್ಟು ಗಾಯಕ್ಕೆ ಹಾಕಿದ್ದಾರೆ ಅಂತ ಹೇಳುವುದು. ನಿಮ್ಮ ಫೋಮ್ ಹೋಗಿದ್ದು ಒಂದೇ ಗಾಯಕ್ಕೆ. ಹಾಗಾಗಿ ಎ1 ಸರಿ. ಎ3 ಹಾಕಿದರೆ ಮೂರು ಗಾಯಕ್ಕೂ ಫೋಮ್ ಹಾಕಿದ್ದಾರೆ ಅಂತ ನೀವು ಮೆಡಿಕೇರ್‌ಗೆ ಹೇಳಿದ ಹಾಗೆ. ಅದು ಸುಳ್ಳು. ಪಾಸಾಗುತ್ತದೆ ಅನ್ನುವುದೂ ನಿಜ, ಯಾಕೆಂದರೆ ಮೂರು ಗಾಯದ ಲೆಕ್ಕದಲ್ಲಿ 30 ಮಿತಿಯೊಳಗೆ ಬರುತ್ತದೆ. ಅಪಾಯ ಇರುವುದೇ ಅಲ್ಲಿ. ಒಂದು ದಿನ ಆಡಿಟ್‌ನವರು ಚಾರ್ಟ್ ಕೇಳಿದರೆ ಫೋಮ್ ಎಲ್ಲಿ ಹಾಕಿದ್ದು ಅಂತ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಈಗ ಮಿತಿ ವಿಷಯ. ಮೆಡಿಕೇರ್ ಯಾವುದಕ್ಕೆ, ಎಷ್ಟಕ್ಕೆ ದುಡ್ಡು ಕೊಡುತ್ತದೆ ಅಂತ ಹೇಳುವ ನಿಯಮಪತ್ರ ಸರ್ಜಿಕಲ್ ಡ್ರೆಸ್ಸಿಂಗ್ಸ್ ಎಲ್‌ಸಿಡಿ, ನಂಬರ್ ಎಲ್33831. ಜೊತೆಗಿರುವ ಪಾಲಿಸಿ ಆರ್ಟಿಕಲ್ ಎ54563. ಇವೆರಡನ್ನೂ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟುಕೊಳ್ಳಿ. ಗಾಯ ಮುಚ್ಚುವ ಫೋಮ್ ವಾರಕ್ಕೆ ಮೂರು ಸಲದವರೆಗೆ. ತಿಂಗಳಿಗೆ ಸುಮಾರು 13. ನೀವು ಕೇಳಿದ್ದು 30. ಅದಕ್ಕಿಂತ ಜಾಸ್ತಿ ಕೊಡುವುದೇ ಇಲ್ಲ ಅಂತಲ್ಲ. ಯಾಕೆ ಜಾಸ್ತಿ ಬೇಕು ಅಂತ ಚಾರ್ಟ್ ಹೇಳಬೇಕು. ನಿಮ್ಮ ಚಾರ್ಟ್ ಏನು ಹೇಳುತ್ತದೆ?

ಇನ್ನೊಂದು. 5×5 ಅನ್ನುವುದು ಬಾರ್ಡರ್ ಸೇರಿಸಿಯೋ, ಬರೀ ಪ್ಯಾಡೋ?

ರಾತ್ರಿಪಾಳಿ_ಹಾಸನ:
ಸರ್, ತುಂಬಾ ಥ್ಯಾಂಕ್ಸ್. ಪ್ರಾಡಕ್ಟ್ ಶೀಟ್ ಈಗ ತೆಗೆದು ನೋಡಿದೆ. ಹೊರಗಿನ ಅಳತೆ 5×5. ನಡುವಿನ ಫೋಮ್ ಪ್ಯಾಡ್ 3.5×3.5. ಅಂದರೆ 12.25 ಚದರ ಇಂಚು.

ಹಳೇ_ಕೋಡರ್:
ಹಾಗಾದರೆ ಕೋಡ್ ಕೂಡ ತಪ್ಪಿದೆ. ಬಾರ್ಡರ್ ಇರುವ ಡ್ರೆಸ್ಸಿಂಗ್‌ನಲ್ಲಿ ಅಳತೆ ಅಂದರೆ ಪ್ಯಾಡಿನ ಅಳತೆ. ಅಂಟಿನ ಅಂಚು ಲೆಕ್ಕಕ್ಕಿಲ್ಲ. 16 ಚದರ ಇಂಚು ಅಥವಾ ಕಡಿಮೆ ಇದ್ದರೆ ಎ6212. 16 ದಾಟಿ 48ರವರೆಗೆ ಎ6213. 48 ದಾಟಿದರೆ ಎ6214. ಬಾರ್ಡರ್ ಇಲ್ಲದ ಫೋಮ್ ಆದರೆ ಇದೇ ಮೂರು ಅಳತೆಗೆ ಎ6209, ಎ6210, ಎ6211. ನಿಮ್ಮದು ಎ6212.

ಇದೇ ಡಬ್ಬವನ್ನು ಹಿಂದಿನ ತಿಂಗಳುಗಳಲ್ಲೂ ಎ6213 ಅಂತ ಕಳಿಸಿದ್ದಾರಾ? ದುಡ್ಡು ಬಂದಿದೆಯಾ?

ತುಂಗಾ_ತೀರ:
ಇಲ್ಲಿ ಒಂದು ಮಾತು. ನಾವು ಕೋಡರ್‌ಗಳು ಇಂಚುಪಟ್ಟಿ ಹಿಡಿದು ಕೂರಬೇಕಾ? ಸಪ್ಲೈಯರ್ ಕೊಟ್ಟ ಕೋಡನ್ನೇ ಹಾಕುತ್ತೇವೆ. ತಯಾರಕರ ಕ್ಯಾಟಲಾಗ್‌ನಲ್ಲಿ ಕೋಡ್ ಇರುತ್ತದಲ್ಲ. ನಮ್ಮ ಟೀಮಲ್ಲಿ ಹಾಗೇ ನಡೆಯುತ್ತಿದೆ, ತೊಂದರೆ ಆಗಿಲ್ಲ.

ಹಳೇ_ಕೋಡರ್:
ತುಂಗಾ ಅವರೇ, ಕ್ಯಾಟಲಾಗ್‌ನಲ್ಲಿರುವುದು ತಯಾರಕರ ಸಲಹೆ. ಮೆಡಿಕೇರ್ ಪರವಾಗಿ ಯಾವ ವಸ್ತುವಿಗೆ ಯಾವ ಕೋಡ್ ಅಂತ ನಿರ್ಧರಿಸುವುದು ಪಿಡಿಎಸಿ ಅನ್ನುವ ಗುತ್ತಿಗೆ ಸಂಸ್ಥೆ. ಅವರ ಡಿಎಂಇಸಿಎಸ್ ಅನ್ನುವ ಆನ್‌ಲೈನ್ ಕೋಡ್ ಹುಡುಕಾಟ ಎಲ್ಲರಿಗೂ ತೆರೆದಿದೆ. ಅಲ್ಲಿ ವಸ್ತುವಿನ ಹೆಸರಲ್ಲ, ಮಾಡೆಲ್ ನಂಬರ್ ಹಾಕಿ ನೋಡಿ. ಒಂದೇ ಹೆಸರಿನ ಫೋಮ್ ನಾಲ್ಕು ಅಳತೆಯಲ್ಲಿ ಬರುತ್ತದೆ, ಅದರಲ್ಲಿ ಎರಡಕ್ಕೆ ಬೇರೆ ಕೋಡ್ ಇರಬಹುದು. ನಾನೂ ಶುರುವಿನಲ್ಲಿ ಹೆಸರು ನೋಡಿಯೇ ಹಾಕುತ್ತಿದ್ದೆ. ಒಮ್ಮೆ ಆಡಿಟ್‌ನಲ್ಲಿ ನೂರಾರು ಲೈನ್ ಹಿಂದೆ ಹೋಗಿ ತಿದ್ದಬೇಕಾಯಿತು. ಆ ಮೂರು ವಾರ ನನಗೆ ಇನ್ನೂ ನೆನಪಿದೆ.

ಮಲ್ಲಿಗೆ_ಆರ್‌ಎನ್:
ನಮಸ್ಕಾರ, ನಾನು ಒಹಾಯೊದಲ್ಲಿ ಗಾಯದ ಆರೈಕೆ ನರ್ಸ್. ಮೂಲ ದಾವಣಗೆರೆ. ನೀವು ಕಂಪ್ಯೂಟರ್‌ನಲ್ಲಿ ನೋಡುವ ಗಾಯದ ಅಳತೆಯ ಮೂರು ಅಂಕಿ ಎಲ್ಲಿಂದ ಬರುತ್ತವೆ ಅಂತ ಹೇಳುತ್ತೇನೆ, ಆಗ ಕೋಡ್ ತಾನಾಗಿ ಅರ್ಥ ಆಗುತ್ತದೆ.

ರೋಗಿಯನ್ನು ಒಂದು ಮಗ್ಗುಲಿಗೆ ತಿರುಗಿಸುತ್ತೇವೆ. ಹಳೇ ಡ್ರೆಸ್ಸಿಂಗ್ ಮೆಲ್ಲಗೆ ಬಿಡಿಸುತ್ತೇವೆ. ಬಿಸಾಡುವ ಮುಂಚೆ ಅದನ್ನು ತಿರುಗಿಸಿ ನೋಡುತ್ತೇವೆ. ಫೋಮ್ ಎಷ್ಟು ನೆಂದಿದೆ, ಯಾವ ಬಣ್ಣ, ಅಂಚಿನವರೆಗೆ ಬಂದಿದೆಯಾ ಅಂತ. ಒಸರು ಎಷ್ಟಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆಮೇಲೆ ಗಾಯ ತೊಳೆದು ಕಾಗದದ ಪಟ್ಟಿ ಇಟ್ಟು ಅಳೆಯುತ್ತೇವೆ. ತಲೆ ಕಡೆ 12 ಗಂಟೆ, ಕಾಲ ಕಡೆ 6 ಗಂಟೆ ಅಂದುಕೊಂಡು ಉದ್ದ. ಅದಕ್ಕೆ ಅಡ್ಡವಾಗಿ ಅಗಲ. ಹತ್ತಿ ಸುತ್ತಿದ ಕಡ್ಡಿಯನ್ನು ಒದ್ದೆ ಮಾಡಿ, ಗಾಯದ ಅತಿ ಆಳದ ಜಾಗಕ್ಕೆ ನೇರವಾಗಿ ಇಳಿಸಿ, ಚರ್ಮದ ಮಟ್ಟದಲ್ಲಿ ಬೆರಳಿನಿಂದ ಹಿಡಿದು ಹೊರಗೆ ತೆಗೆದರೆ ಆಳ ಸಿಗುತ್ತದೆ. ಈ ಆಳವನ್ನು ಬರೆಯುವುದು ಜನ ಮರೆಯುತ್ತಾರೆ. ಆಳ ಇಲ್ಲದ ಚಾರ್ಟ್ ಬಂದರೆ ವಾಪಸ್ ಕೇಳಿ, ಸುಮ್ನೆ ಬಿಡಬೇಡಿ.

ಪ್ಯಾಡ್ ಗಾಯಕ್ಕಿಂತ ಸುಮಾರು 2 ಇಂಚು ದೊಡ್ಡದಿರಬೇಕು ಅಂತ ಎಲ್‌ಸಿಡಿಯಲ್ಲೇ ಇದೆ. 2×2 ಇಂಚಿನ ಗಾಯಕ್ಕೆ 4×4 ಪ್ಯಾಡ್. ನಿಮ್ಮ ರೋಗಿಯ ಅಳತೆ ಎಷ್ಟಿದೆ? ಮತ್ತೆ ದಯವಿಟ್ಟು ಅಳತೆ ಬಿಟ್ಟು ರೋಗಿಯ ಬಗ್ಗೆ ಬೇರೇನೂ ಇಲ್ಲಿ ಹಾಕಬೇಡಿ. ಊರು, ವಯಸ್ಸು, ಸೇವೆಯ ತಾರೀಕು ಯಾವುದೂ ಬೇಡ.

ರಾತ್ರಿಪಾಳಿ_ಹಾಸನ:
ಖಂಡಿತ ಅಕ್ಕಾ. 3.5×3×0.8 ಸೆಂ.ಮೀ. ಒಸರು ಮಧ್ಯಮ. ಅಷ್ಟೇ ಬರೆದಿದ್ದಾರೆ. ದಿನಾ ಯಾಕೆ ಬದಲಿಸಬೇಕು ಅಂತ ಎಲ್ಲೂ ಇಲ್ಲ.

ಹಿಮ್ಮಡಿ ನೋಟ್ ಈಗ ಸರಿಯಾಗಿ ಓದಿದೆ. ಎರಡೂ ಸ್ಟೇಜ್ 1. ಚರ್ಮ ಕೆಂಪಾಗಿದೆ, ತೆರೆದಿಲ್ಲ ಅಂತಿದೆ. ನಾನು ಅದಕ್ಕೆ ಗಾಜ್ ಎ6402, ಎ2 ಅಂತ ಕಳಿಸಿದ್ದೆ. ಅದಕ್ಕೆ ದುಡ್ಡು ಬಂದಿದೆ.

ಮಲ್ಲಿಗೆ_ಆರ್‌ಎನ್:
3.5 ಸೆಂ.ಮೀ. ಅಂದರೆ 1.4 ಇಂಚು. ಎರಡು ಸೇರಿಸಿದರೆ 3.4. ನಿಮ್ಮ 3.5ರ ಪ್ಯಾಡ್ ಸರಿಯಾಗಿ ಕೂರುತ್ತದೆ. ಯಾರೋ ಗಮನ ಇಟ್ಟೇ ಆರಿಸಿದ್ದಾರೆ. ಪೂರ್ತಿ ಚರ್ಮ ಹೋದ ಗಾಯ, ಮಧ್ಯಮದಿಂದ ಜಾಸ್ತಿ ಒಸರು, ಇದಕ್ಕೆ ಫೋಮ್ ಒಪ್ಪುತ್ತದೆ.

ಆದರೆ ಮಧ್ಯಮ ಒಸರಿಗೆ ದಿನಾ ಫೋಮ್ ಬದಲಿಸುವುದು ಗಾಯಕ್ಕೂ ಒಳ್ಳೆಯದಲ್ಲ. ಸುತ್ತಲಿನ ಚರ್ಮ ಕಿತ್ತು ಬರುತ್ತದೆ. ಒಂದೇ ದಿನದಲ್ಲಿ ಫೋಮ್ ತುಂಬಿ ಹರಿಯುತ್ತಿದೆ ಅಂದರೆ ಡ್ರೆಸ್ಸಿಂಗೇ ಬೇರೆ ಬೇಕು. ಹೆಚ್ಚು ಒಸರು ಹೀರುವ ಆಲ್ಜಿನೇಟ್ ಇಟ್ಟರೆ ಅದಕ್ಕೆ ದಿನಕ್ಕೆ ಒಂದರವರೆಗೆ ಅವಕಾಶ ಇದೆ. ಮಲ ತಾಗಿ ಹಾಳಾಗುತ್ತಿದ್ದರೆ ಅದನ್ನು ಹಾಗೇ ಬರೆಯಬೇಕು. ಅಭ್ಯಾಸಬಲದಿಂದ "ದಿನಾ" ಅಂತ ಬರೆಯುವ ಡಾಕ್ಟರ್‌ಗಳನ್ನು ನಾನು ದಿನಾ ನೋಡುತ್ತೇನೆ.

ಹಳೇ_ಕೋಡರ್:
ಅಕ್ಕ ಹೇಳಿದ್ದು ಓದಿ ಒಂದು ಎಚ್ಚರಿಕೆ ಸೇರಿಸುತ್ತೇನೆ. ಡಾಕ್ಟರ್ ಆಫೀಸಿಗೆ ಪ್ರಶ್ನೆ ಕಳಿಸುವಾಗ "ಒಸರು ಜಾಸ್ತಿ ಇದೆ ಅಂತ ಬರೆದುಕೊಡಿ, 30ಕ್ಕೂ ದುಡ್ಡು ಬರುತ್ತದೆ" ಅನ್ನುವ ಧಾಟಿ ಬೇಡ. ಅದು ಉತ್ತರ ಬಾಯಿಗೆ ತುರುಕಿದ ಹಾಗೆ. "ದಿನಾ ಬದಲಿಸಲು ಆರ್ಡರ್ ಇದೆ, ಕಾರಣ ದಾಖಲೆಯಲ್ಲಿ ಕಾಣುತ್ತಿಲ್ಲ, ದಯವಿಟ್ಟು ತಿಳಿಸಿ" ಅಂತ ಕೇಳಿ. ದುಡ್ಡಿನ ಮಾತೇ ಬರಬಾರದು.

ಹಿಮ್ಮಡಿಯದ್ದು ದೊಡ್ಡ ವಿಷಯ. ಈ ಬೆನಿಫಿಟ್‌ನ ಹೆಸರೇ ಸರ್ಜಿಕಲ್ ಡ್ರೆಸ್ಸಿಂಗ್. ಗಾಯ ಆಪರೇಷನ್‌ನಿಂದ ಆಗಿರಬೇಕು ಅಥವಾ ಆಪರೇಷನ್‌ನಿಂದ ಚಿಕಿತ್ಸೆ ಆಗಿರಬೇಕು. ಇಲ್ಲವೇ ಡಿಬ್ರೈಡ್‌ಮೆಂಟ್ ಆಗಿರಬೇಕು, ಅಂದರೆ ಸತ್ತ ಭಾಗ ತೆಗೆದಿರಬೇಕು. ಕತ್ತಿಯಿಂದಲೇ ಆಗಬೇಕಿಲ್ಲ, ಎನ್‌ಜೈಮ್ ಮುಲಾಮಿನಿಂದ ಆದರೂ ನಡೆಯುತ್ತದೆ. ಸ್ಟೇಜ್ 1 ಹುಣ್ಣು ಇದರೊಳಗೆ ಬರುವುದೇ ಇಲ್ಲ. ಮೇಲ್ಮೇಲಿನ ಸುಟ್ಟ ಗಾಯ, ಹೊಲಿಗೆಯೋ ಡಿಬ್ರೈಡ್‌ಮೆಂಟೋ ಬೇಡದ ತರಚು, ಸೂಜಿ ಚುಚ್ಚಿದ ಜಾಗ, ಇವೂ ಬರುವುದಿಲ್ಲ. ಅಂಥ ಲೈನಿಗೆ ಜಿವೈ, ಅಂದರೆ ಇದು ಬೆನಿಫಿಟ್‌ನೊಳಗೆ ಬರುವುದಿಲ್ಲ ಅಂತ ಹೇಳುವ ಮಾಡಿಫೈಯರ್ ಹೋಗಬೇಕಿತ್ತು. ಅಂದರೆ ನಿಮ್ಮ ಲೀಡ್ ಹೇಳಿದ ಮೂರು ಗಾಯದಲ್ಲಿ ಎರಡು ಈ ಲೆಕ್ಕಕ್ಕೇ ಇಲ್ಲ.

ಸೇಕ್ರಮ್‌ಗೆ ಡಿಬ್ರೈಡ್‌ಮೆಂಟ್ ಆಗಿದೆ ಅನ್ನುವ ನೋಟ್ ಇದೆಯಾ? ಅದು ಇಲ್ಲದಿದ್ದರೆ 13 ಕೂಡ ನಿಲ್ಲುವುದಿಲ್ಲ.

ರಾತ್ರಿಪಾಳಿ_ಹಾಸನ:
ಇದೆ ಸರ್. ಗಾಯದ ಕ್ಲಿನಿಕ್‌ನವರು ಡಿಬ್ರೈಡ್‌ಮೆಂಟ್ (ಕೋಡ್ 97597) ಮಾಡಿದ ನೋಟ್ ಸಪ್ಲೈಯರ್ ಫೈಲಿನಲ್ಲಿ ಸಿಕ್ಕಿತು. ಯಾರೂ ತೆರೆದೇ ನೋಡಿರಲಿಲ್ಲ.

ಪಟ್ಟಿ_ಸುತ್ತು:
ನಾನು ಮೈಸೂರಿನಿಂದ, ಹೊಸಬ. ಸುತ್ತುವ ಬ್ಯಾಂಡೇಜ್‌ಗೂ ಇದೇ ನಿಯಮನಾ? ನಾನು ಒಂದು ರೋಲ್‌ಗೆ ಒಂದು ಯೂನಿಟ್ ಹಾಕುತ್ತಿದ್ದೇನೆ.

ಹಳೇ_ಕೋಡರ್:
ಅಲ್ಲಿ ಅಳತೆ ಗಜದ್ದು ತಮ್ಮಾ. ಎ6441ರಿಂದ ಎ6456ರವರೆಗಿನ ಬ್ಯಾಂಡೇಜ್ ಕೋಡ್‌ಗಳ ವಿವರಣೆಯ ಕೊನೆಯಲ್ಲಿ "ಪರ್ ಯಾರ್ಡ್" ಅಂತ ಇರುತ್ತದೆ. 4 ಗಜದ ರೋಲ್ ಆದರೆ 4 ಯೂನಿಟ್. ನೀವು ಒಂದು ಹಾಕಿ ಸಪ್ಲೈಯರ್‌ಗೆ ಕಾಲು ಪಾಲು ದುಡ್ಡು ತರಿಸಿದ್ದೀರಿ. ಅಗಲವನ್ನೂ ನೋಡಿ. 3 ಇಂಚಿಗಿಂತ ಕಡಿಮೆಗೆ ಒಂದು ಕೋಡ್, 3ರಿಂದ 5ರೊಳಗೆ ಇನ್ನೊಂದು, 5 ಮತ್ತು ಮೇಲೆ ಮತ್ತೊಂದು.

ಟೇಪ್ ಇನ್ನೂ ಬೇರೆ. ಎ4450 ಸಾದಾ ಟೇಪ್, ಎ4452 ನೀರು ತಾಗದ್ದು. ಯೂನಿಟ್ ಅಂದರೆ 18 ಚದರ ಇಂಚು. 1 ಇಂಚು ಅಗಲ, 10 ಗಜ ಉದ್ದದ ರೋಲ್ ಅಂದರೆ 360 ಚದರ ಇಂಚು, ಅಂದರೆ 20 ಯೂನಿಟ್. ಜೊತೆಗೆ ಡ್ರೆಸ್ಸಿಂಗ್‌ಗಾಗಿ ಬಳಸಿದ್ದು ಅಂತ ಹೇಳುವ ಎಡಬ್ಲ್ಯೂ ಮಾಡಿಫೈಯರ್. ಅಂಟು ಬಾರ್ಡರ್ ಇರುವ ಡ್ರೆಸ್ಸಿಂಗ್ ಜೊತೆ ಟೇಪ್ ಬಿಲ್ ಮಾಡಿದರೆ ಪ್ರಶ್ನೆ ಬರುತ್ತದೆ. ಬಾರ್ಡರೇ ಅಂಟುವಾಗ ಟೇಪ್ ಯಾಕೆ ಅಲ್ವಾ? ಮನೆಯಲ್ಲಿ ಬೆರಳು ಕೊಯ್ದುಕೊಂಡಾಗ ಹಾಕುವ ಚಿಕ್ಕ ಪಟ್ಟಿಗೆ ಎ6413 ಅಂತ ಕೋಡ್ ಇದೆ, ಆದರೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ.

ಟೆಕ್ಸಾಸ್_ಮಗಳು:
ನಾನು ಕೋಡರ್ ಅಲ್ಲ, ಹುಡುಕುತ್ತಾ ಇಲ್ಲಿಗೆ ಬಂದೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಎಡ ಪಾದದಲ್ಲಿ ಹುಣ್ಣು. ಒರಿಜಿನಲ್ ಮೆಡಿಕೇರ್ ಇದೆ. ಹೋಮ್ ಹೆಲ್ತ್ ನರ್ಸ್ ವಾರಕ್ಕೆ ಎರಡು ಸಲ ಬಂದು ಪಟ್ಟಿ ಕಟ್ಟುತ್ತಾರೆ. ಅದೇ ಸಮಯದಲ್ಲಿ ಬೇರೆ ಒಂದು ಕಂಪನಿಯಿಂದ ಡ್ರೆಸ್ಸಿಂಗ್ ಡಬ್ಬ ಬಂತು. ಒಳ್ಳೆಯದೇ ಆಯಿತು ಅಂತ ಇಟ್ಟುಕೊಂಡೆವು. ಈಗ ಪೂರ್ತಿ ಮೊತ್ತದ ಬಿಲ್ ಕಳಿಸಿದ್ದಾರೆ. ಅಪ್ಪ "ನನ್ನಿಂದ ನಿಮಗೆಲ್ಲ ಖರ್ಚು" ಅಂತ ಊಟ ಸರಿಯಾಗಿ ಮಾಡುತ್ತಿಲ್ಲ. ಏನು ಮಾಡಲಿ?

ಮಲ್ಲಿಗೆ_ಆರ್‌ಎನ್:
ಮೊದಲು ಅಪ್ಪನಿಗೆ ಊಟ ಮಾಡಿಸಿ. ಗಾಯ ಮಾಗುವುದಕ್ಕೆ ಪ್ರೋಟೀನ್ ಬೇಕು, ಆ ಬಿಲ್‌ಗಿಂತ ಅದು ಮುಖ್ಯ.

ಹೋಮ್ ಹೆಲ್ತ್ ಏಜೆನ್ಸಿಯ ಆರೈಕೆ ನಡೆಯುತ್ತಿರುವಾಗ ಡ್ರೆಸ್ಸಿಂಗ್ ಖರ್ಚು ಏಜೆನ್ಸಿಗೆ ಮೆಡಿಕೇರ್ ಕೊಡುವ ಮೊತ್ತದಲ್ಲೇ ಸೇರಿರುತ್ತದೆ. ಇದಕ್ಕೆ ಕನ್ಸಾಲಿಡೇಟೆಡ್ ಬಿಲ್ಲಿಂಗ್ ಅನ್ನುತ್ತಾರೆ. ಬೇರೆ ಸಪ್ಲೈಯರ್ ಪಾರ್ಟ್ ಬಿಗೆ ಪ್ರತ್ಯೇಕ ಬಿಲ್ ಮಾಡಿದರೆ ಅದು ತಿರಸ್ಕಾರ ಆಗುತ್ತದೆ. ಕಳಿಸುವ ಮುಂಚೆ ಹೋಮ್ ಹೆಲ್ತ್ ಇದೆಯಾ ಅಂತ ಆ ಕಂಪನಿ ನೋಡಬೇಕಿತ್ತು. ನರ್ಸ್‌ಗೆ ಈ ಡಬ್ಬದ ವಿಷಯ ಹೇಳಿ, ಬೇಕಾದ ಡ್ರೆಸ್ಸಿಂಗ್ ಅವರೇ ತರಬೇಕು.

ಹಳೇ_ಕೋಡರ್:
ಕೂಡಲೇ ದುಡ್ಡು ಕಟ್ಟಬೇಡಿ ಮೇಡಂ. ಮೆಡಿಕೇರ್‌ನಿಂದ ಎಂಎಸ್‌ಎನ್ ಅನ್ನುವ ಪತ್ರ ಬರುತ್ತದೆ. ಆನ್‌ಲೈನ್ ಖಾತೆಯಲ್ಲೂ ಕ್ಲೇಮ್ ಕಾಣುತ್ತದೆ. ಅದರಲ್ಲಿ ನಿಮಗೆ ಹೆಚ್ಚೆಂದರೆ ಎಷ್ಟು ಬಿಲ್ ಮಾಡಬಹುದು ಅಂತ ಒಂದು ಕಾಲಂ ಇರುತ್ತದೆ. ಕಂಪನಿ ಬಿಲ್ಲನ್ನು ಅದರ ಪಕ್ಕ ಇಟ್ಟು ನೋಡಿ. ಮೆಡಿಕೇರ್ ಕೊಡದಿದ್ದರೆ ನಾನೇ ಕೊಡುತ್ತೇನೆ ಅಂತ ಒಪ್ಪುವ ಎಬಿಎನ್ ಅನ್ನುವ ಕಾಗದಕ್ಕೆ ಅಪ್ಪ ಸಹಿ ಹಾಕಿದ್ದಾರಾ ಅಂತಲೂ ಕೇಳಿ. ಪ್ರತಿ ರಾಜ್ಯದಲ್ಲೂ ಶಿಪ್ ಅನ್ನುವ ಉಚಿತ ಸಲಹೆ ಸೇವೆ ಇದೆ, ಮೆಡಿಕೇರ್ ವಿಷಯದಲ್ಲೇ ಸಹಾಯ ಮಾಡುತ್ತಾರೆ. ಅವರಿಗೆ ಫೋನ್ ಮಾಡಿ.

ಟೆಕ್ಸಾಸ್_ಮಗಳು:
ಎಂಎಸ್‌ಎನ್ ತೆರೆದೆ. ಆ ಕಾಲಂನಲ್ಲಿ ಸೊನ್ನೆ ಇದೆ. ಅಪ್ಪ ಎಲ್ಲೂ ಸಹಿ ಹಾಕಿಲ್ಲ. ನಾಳೆ ಕಂಪನಿಗೆ ಫೋನ್ ಮಾಡುತ್ತೇನೆ. ಇಷ್ಟನ್ನು ಕನ್ನಡದಲ್ಲಿ ಅಪ್ಪನಿಗೆ ಓದಿ ಹೇಳಿದೆ. ತುಂಬಾ ತುಂಬಾ ಧನ್ಯವಾದ.

ತುಂಗಾ_ತೀರ:
ಮೇಡಂ ತಂದೆಯವರ ವಿಷಯ ಬಂತು ಅಂತ ಕೇಳುತ್ತೇನೆ. ಪಾದದ ಹುಣ್ಣಿಗೆ ಡಯಾಗ್ನೋಸಿಸ್ ಕೋಡ್ ಹಾಕುವಾಗ ಡಾಕ್ಟರ್ "ಡಯಾಬಿಟಿಕ್ ಫುಟ್ ಅಲ್ಸರ್" ಅಂತಷ್ಟೇ ಬರೆದಿರುತ್ತಾರೆ. ಆಳ ನರ್ಸ್ ನೋಟ್‌ನಲ್ಲಿ ಇರುತ್ತದೆ. ನರ್ಸ್ ಬರೆದದ್ದು ತೆಗೆದುಕೊಳ್ಳಬಹುದಾ?

ಹಳೇ_ಕೋಡರ್:
ಒಳ್ಳೆಯ ಪ್ರಶ್ನೆ. ಸಕ್ಕರೆ ಕಾಯಿಲೆಯ ಪಾದದ ಹುಣ್ಣಿನ ಕೋಡ್ ಇ11.621 ಮೊದಲು, ಆಮೇಲೆ ಜಾಗ ಮತ್ತು ಆಳ ಹೇಳುವ ಎಲ್97 ಕೋಡ್. ಹುಣ್ಣು ಇದೆ, ಅದು ಸಕ್ಕರೆ ಕಾಯಿಲೆಯದ್ದು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಆಳವನ್ನು ನರ್ಸ್ ನೋಟ್‌ನಿಂದ ತೆಗೆದುಕೊಳ್ಳಬಹುದು, ಕಾಯಿಲೆ ಕೋಡ್‌ಗಳ ಐಸಿಡಿ 10 ಸಿಎಂ ಮಾರ್ಗಸೂಚಿಯೇ ಒಪ್ಪುತ್ತದೆ. ಹಾಸಿಗೆ ಹುಣ್ಣಿನ ಸ್ಟೇಜ್‌ಗೂ ಹಾಗೇ. ಹಾಗಾಗಿ ಎಡ ಪಾದದ ಬೆರಳ ಕಡೆಯ ಹುಣ್ಣು, ಕೊಬ್ಬಿನ ಪದರ ಕಾಣುತ್ತಿದೆ ಅಂತ ನರ್ಸ್ ಬರೆದಿದ್ದರೆ ಎಲ್97.522 ಹಾಕಬಹುದು. ಯಾವ ಪಾದ, ಎಷ್ಟು ಆಳ ಅಂತ ಹೇಳದ ಎಲ್97.509ಕ್ಕೆ ಓಡಬೇಡಿ.

ಹಾಸನದ ತಂಗಿ, ನಾನು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಹಿಂದಿನ ತಿಂಗಳುಗಳ ಎ6213?

ರಾತ್ರಿಪಾಳಿ_ಹಾಸನ:
ಉತ್ತರ ಕೊಡಲು ಹೆದರಿಕೆ ಆಗಿತ್ತು ಸರ್. ನಾಲ್ಕು ತಿಂಗಳು ಕಳಿಸಿದ್ದಾರೆ, ದುಡ್ಡೂ ಬಂದಿದೆ. ಎರಡು ನಾನು ಹಾಕಿದ್ದು, ಎರಡು ನನಗಿಂತ ಮುಂಚೆ. ಇದೇ ಫೋಮ್ ಬೇರೆ ರೋಗಿಗಳಿಗೂ ಹೋಗಿದೆ.

ಹಳೇ_ಕೋಡರ್:
ಹೆದರಬೇಡಿ. ತಪ್ಪು ನೋಡಿದ ಮೇಲೆ ಸುಮ್ಮನಿರುವುದೇ ದೊಡ್ಡ ತೊಂದರೆ. ಜಾಸ್ತಿ ಬಂದ ದುಡ್ಡು ಗೊತ್ತಾದ ಮೇಲೆ 60 ದಿನದೊಳಗೆ ತಿಳಿಸಿ ಹಿಂದಿರುಗಿಸಬೇಕು ಅಂತ ಕಾನೂನು ಇದೆ. ಆ ಕೆಲಸ ಸಪ್ಲೈಯರ್‌ದು, ನಿಮ್ಮದಲ್ಲ. ನಿಮ್ಮ ಕೆಲಸ, ನಿಯಮ ಪಾಲನೆ ನೋಡುವ ಕಂಪ್ಲೈಯನ್ಸ್‌ನವರಿಗೆ ಬರವಣಿಗೆಯಲ್ಲಿ ಹೇಳುವುದು. ಪ್ಯಾಡಿನ ಅಳತೆ ಇರುವ ಪ್ರಾಡಕ್ಟ್ ಶೀಟ್, ಡಿಎಂಇಸಿಎಸ್ ಪುಟ, ಕ್ಲೇಮ್ ಪಟ್ಟಿ, ಮೂರೂ ಲಗತ್ತಿಸಿ. ಹಿಮ್ಮಡಿಯ ಗಾಜ್ ಕೂಡ ಸೇರಿಸಿ. ಲೀಡ್‌ಗೆ ಮೊದಲು ಹೇಳಿ, ಅವರನ್ನು ಬಿಟ್ಟು ಮೇಲೆ ಹೋಗಬೇಡಿ.

ಸಿಒ 151 ಬಂದದ್ದನ್ನು ತಿದ್ದಿ ಹೊಸ ಕ್ಲೇಮ್ ಅಂತ ಕಳಿಸಬೇಡಿ, ಡೂಪ್ಲಿಕೇಟ್ ಅಂತ ಬರುತ್ತದೆ. ಹಳೇ ಕ್ಲೇಮ್ ಬದಲಿಗೆ ಇದು ಅಂತ ಹೇಳುವ ಫ್ರೀಕ್ವೆನ್ಸಿ ಕೋಡ್ 7 ಹಾಕುವುದು ಖಾಸಗಿ ಇನ್ಶೂರೆನ್ಸ್‌ನಲ್ಲಿ ನಡೆಯುತ್ತದೆ, ಇಲ್ಲಿ ಇಲ್ಲ. ರೀಡಿಟರ್ಮಿನೇಷನ್‌ಗೆ, ಅಂದರೆ ಮೊದಲ ಹಂತದ ಮೇಲ್ಮನವಿಗೆ ಹೋಗಿ. ನಿರ್ಧಾರ ಕೈಗೆ ಬಂದ 120 ದಿನದೊಳಗೆ. ಸರಿಯಾದ ಕೋಡ್, 13, ಡಿಬ್ರೈಡ್‌ಮೆಂಟ್ ನೋಟ್, ತಿಂಗಳ ಗಾಯದ ಅಳತೆ, ಸಹಿ ಇರುವ ಆರ್ಡರ್.

ರಾತ್ರಿಪಾಳಿ_ಹಾಸನ (ಮೂರು ತಿಂಗಳ ನಂತರ):
ಬಂದು ಹೇಳುತ್ತೇನೆ ಅಂದುಕೊಂಡಿದ್ದೆ, ತಡವಾಯಿತು. ಲೀಡ್ ಹತ್ತಿರ ಪ್ರಿಂಟ್ ತೆಗೆದುಕೊಂಡು ಹೋದೆ. ಎ3 ವಿವರಣೆಯ ಸಾಲನ್ನು ಎರಡು ಸಲ ಓದಿದರು. ಕಂಪ್ಲೈಯನ್ಸ್‌ಗೆ ಮೇಲ್ ಅವರೇ ಬರೆದರು, ನನ್ನ ಹೆಸರನ್ನೂ ಹಾಕಿದರು. ಸಪ್ಲೈಯರ್ ಹಳೇ ಕ್ಲೇಮ್‌ಗಳ ದುಡ್ಡು ಹಿಂದಿರುಗಿಸಿದ್ದಾರೆ.

ಡಾಕ್ಟರ್ ಆಫೀಸಿನಿಂದ ಉತ್ತರ ಬಂತು. ದಿನಾ ಬದಲಿಸುವ ಅಗತ್ಯ ಇರಲಿಲ್ಲ. ಸ್ನಾನ ಮಾಡಿಸುವಾಗ ಮನೆಯವರು ಅಭ್ಯಾಸದಿಂದ ತೆಗೆಯುತ್ತಿದ್ದರಂತೆ. ಆರ್ಡರ್ ವಾರಕ್ಕೆ ಮೂರು ಅಂತ ಬದಲಾಯಿತು. ರೀಡಿಟರ್ಮಿನೇಷನ್‌ನಲ್ಲಿ ಎ6212, 13ಕ್ಕೆ ದುಡ್ಡು ಬಂತು. ಉಳಿದ 17 ಸಪ್ಲೈಯರ್ ಬಿಟ್ಟರು. ಎಬಿಎನ್ ಇರಲಿಲ್ಲ, ರೋಗಿಯಿಂದ ಕೇಳುವ ಹಾಗಿರಲಿಲ್ಲ.

ಮಲ್ಲಿಗೆ ಅಕ್ಕಾ, ನಿಮಗೆ ಹೇಳಲೇಬೇಕು. ಈ ತಿಂಗಳ ಅಳತೆ 1.5×1.2×0.3. ಆ ಕಾಗದದ ಪಟ್ಟಿ, ಒದ್ದೆ ಕಡ್ಡಿ ಎಲ್ಲ ಕಣ್ಣ ಮುಂದೆ ಬಂತು. ಹೊಸ ಡ್ರೆಸ್ಸಿಂಗ್ ಹೊರಗೆ 4×4, ಪ್ಯಾಡ್ 2.5×2.5. ಕೋಡ್ ಎ6212 ಹಾಗೇ ಇರುತ್ತದೆ ಅಲ್ವಾ ಸರ್? ಹೊಸ ಆರ್ಡರ್ ಬೇಕಾ?

ಮಲ್ಲಿಗೆ_ಆರ್‌ಎನ್:
0.8ರಿಂದ 0.3! ತಳದಿಂದ ತುಂಬಿಕೊಂಡು ಬರುತ್ತಿದೆ. ಮನೆಯವರು ಸರಿಯಾಗಿ ಮಗ್ಗುಲು ತಿರುಗಿಸುತ್ತಿದ್ದಾರೆ. ಓದಿ ತುಂಬಾ ಖುಷಿಯಾಯಿತು.

ಹಳೇ_ಕೋಡರ್:
ಪ್ಯಾಡ್ 6.25 ಚದರ ಇಂಚು, ಎ6212ನೇ. ಡ್ರೆಸ್ಸಿಂಗ್ ಆರ್ಡರ್ ಮೂರು ತಿಂಗಳಿಗೊಮ್ಮೆ ಹೊಸದಾಗಬೇಕು, ವಾರಕ್ಕೆ ಮೂರು ಅಂತ ಬಂದದ್ದಕ್ಕೂ ಅವಧಿ ಮುಗಿಯುತ್ತಾ ಬಂತು, ಹಾಗಾಗಿ ಹೊಸದು ಹೇಗೂ ಬೇಕು. ಹೊಸ ಅಳತೆಯನ್ನು ಅದರಲ್ಲೇ ಬರೆಸಿ, ಡಬ್ಬ ಕಳಿಸುವ ಮುಂಚೆ ತರಿಸಿಕೊಳ್ಳಿ.